ನಿಜ್ವಾದಲ್ಲಿ ಕೇಳಿದ ಅಜ್ಜಿಯ ಸಾಕ್ಷಿ

ಮಸ್ಕತ್ತಿನಲ್ಲಿ ಇಳಿದಾಗ

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ವಿಷಯ ಹೇಳುತ್ತಾರೆ. ನನಗೆ ಅದು ಹೇಳಲಿಕ್ಕೆ ಬರುವುದಿಲ್ಲ. ಮುಂಬಯಿಯಲ್ಲಿ ಹತ್ತಿದಲ್ಲಿಂದ ಮಸ್ಕತ್ತಿನಲ್ಲಿ ಇಳಿಯುವವರೆಗೆ ನನ್ನ ಮನಸ್ಸೆಲ್ಲ ಚೀಲದ ತಳದಲ್ಲಿದ್ದ ಎರಡು ಕೆಂಪು ರಟ್ಟಿನ ಪುಸ್ತಕಗಳ ಮೇಲಿತ್ತು. ಅರಬರ ದೇಶದಲ್ಲಿ ಕಸ್ಟಮ್ಸಿನವರು ಪುಸ್ತಕ, ಕ್ಯಾಸೆಟ್ಟು ಎಲ್ಲ ಹಿಡಿದಿಟ್ಟುಕೊಳ್ಳುತ್ತಾರೆ ಎಂದು ಊರಿನಲ್ಲಿ ಹೆದರಿಸಿ ಕಳುಹಿಸಿದ್ದರು. ಆ ಹೆದರಿಕೆಯ ಒಳಗೊಂದು ಸಣ್ಣ ಆಸೆಯೂ ಇತ್ತು. ಹಿಡಿದರೆ ಹಿಡಿಯಲಿ, ಮೂಡುಬಿದಿರೆಯ ಗೆಳೆಯರೆದುರು ಹೇಳಿಕೊಳ್ಳಲಿಕ್ಕೆ ಒಂದು ಕಥೆಯಾಗುತ್ತದೆ ಎಂದುಕೊಂಡಿದ್ದೆ.

ಅಧಿಕಾರಿ ಪುಸ್ತಕಗಳನ್ನು ಹೊರಗೆ ತೆಗೆದ, ಒಂದರ ರಟ್ಟು ತಿರುಗಿಸಿ ನೋಡಿದ, ಬದಿಗಿಟ್ಟ. ಅವನಿಗೆ ಅನುಮಾನ ಬಂದದ್ದು ಅಮ್ಮ ಅಕ್ಕನಿಗಾಗಿ ಕಟ್ಟಿಕೊಟ್ಟಿದ್ದ ಉಪ್ಪುಸೊಳೆಯ ಡಬ್ಬದ ಮೇಲೆ. ಮುಚ್ಚಳ ತೆರೆದದ್ದೇ ಮೂಗು ಹಿಡಿದುಕೊಂಡು ಇನ್ನಿಬ್ಬರನ್ನು ಕರೆದ. ಹಲಸಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದು ಎಂದು ಆ ಹೊತ್ತಿಗೆ ನನ್ನ ಬಾಯಿಗೆ ಬರಬೇಕಲ್ಲ! ಹಣ್ಣು ಎಂದೆ, ನಂಬಲಿಲ್ಲ. ತರಕಾರಿ ಎಂದೆ, ಇನ್ನೂ ನಂಬಲಿಲ್ಲ. ಕೊನೆಗೆ ಒಂದು ಸೊಳೆಯನ್ನು ಅವರೆದುರೇ ಬಾಯಿಗೆ ಹಾಕಿ ಅಗಿದು ತೋರಿಸಬೇಕಾಯಿತು. ಮಳೆಗಾಲದಿಂದ ಉಪ್ಪಿನಲ್ಲೇ ಕುಳಿತಿದ್ದ ಸೊಳೆ ಅದು, ಕಣ್ಣಲ್ಲಿ ನೀರು ಬಂತು. ಮೂವರೂ ನಕ್ಕು, ಪುಸ್ತಕಗಳ ಸಮೇತ ನನ್ನನ್ನು ಹೊರಗೆ ಬಿಟ್ಟರು. ಹೊರಗೆ ಕಾಯುತ್ತಿದ್ದ ಭಾವನಿಗೆ ಇದನ್ನು ಹೇಳಿದಾಗ ಅವರು ಡಬ್ಬ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟರೇ ಹೊರತು ಪುಸ್ತಕದ ಬಗ್ಗೆ ಏನೂ ಕೇಳಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳ ಭೂಸುಧಾರಣೆಯ ಮೇಲೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದೆ. ಅದನ್ನು ಒಪ್ಪಿಸಿದ ಕೂಡಲೇ ಪಕ್ಷದ ಪೂರ್ಣಾವಧಿ ಕಾರ್ಯಕರ್ತನಾಗುವುದೆಂದು ನಿಶ್ಚಯವಾಗಿತ್ತು. ಬೀಡಿ ಕಟ್ಟುವ ಹೆಂಗಸರ ಸಂಘವನ್ನು ಬಂಟ್ವಾಳದ ಸುತ್ತ ಕಟ್ಟಿ ಬೆಳೆಸಿದ ಸಂಜೀವಣ್ಣನಿಗೆ ವಯಸ್ಸಾಗುತ್ತಿತ್ತು. ಅವರ ಜಾಗಕ್ಕೆ ನಾನು ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಕೆಲಸಕ್ಕೆ ಸೇರುವ ಮೊದಲು ಒಂದು ತಿಂಗಳು ಬಂದು ಹೋಗು ಎಂದು ಅಕ್ಕ ವೀಸಾ ಕಳುಹಿಸಿದ್ದಳು. ಒಮ್ಮೆ ಈ ಕೆಲಸಕ್ಕೆ ಇಳಿದರೆ ತಮ್ಮ ಇನ್ನು ಕೈಗೆ ಸಿಕ್ಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ರೂವಿ

ಅಕ್ಕನ ಮನೆ ಇದ್ದದ್ದು ಮಸ್ಕತ್ತಿನ ರೂವಿ ಎಂಬ ಪೇಟೆಯಲ್ಲಿ. ನಾಲ್ಕೂ ಕಡೆ ಬೋಳುಗುಡ್ಡ. ಹಸಿರಿಲ್ಲದ ಗುಡ್ಡವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೆಳಗಿನ ಬೀದಿಯಲ್ಲಿ ಮಾತ್ರ ಊರೇ ಇತ್ತು. ಒಂದು ಅಂಗಡಿಯಲ್ಲಿ ತುಳು, ಪಕ್ಕದ್ದರಲ್ಲಿ ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ, ಅದರ ಆಚೆ ಕೊಂಕಣಿ. ಪಾಣೆಮಂಗಳೂರಿನ ಪೇಟೆಯನ್ನು ಯಾರೋ ಗುಡಿಸಿ, ಒರೆಸಿ, ಗದ್ದಲ ಕಡಿಮೆ ಮಾಡಿ ಅಲ್ಲಿ ಇಟ್ಟ ಹಾಗೆ ಕಾಣುತ್ತಿತ್ತು.

ಎರಡನೆಯ ದಿನವೇ ನಾನೊಂದು ಎಡವಟ್ಟು ಮಾಡಿದೆ. ಕೆಫೆಟೇರಿಯಾ ಒಂದರಲ್ಲಿ ಚಹಾ ಕುಡಿಯುತ್ತ, "ಇಲ್ಲಿ ಕೆಲಸಗಾರರಿಗೆ ಯೂನಿಯನ್ ಇಲ್ಲವಾ ಭಾವ? ಯಾರೂ ಕೇಳುವುದೇ ಇಲ್ಲವಾ?" ಎಂದು ಸಭೆಯಲ್ಲಿ ಮಾತಾಡುವ ದನಿಯಲ್ಲೇ ಕೇಳಿದೆ. ಪಕ್ಕದ ಮೇಜಿನವರ ಮಾತು ನಿಂತಿತು. ಹಣ ತೆಗೆದುಕೊಳ್ಳುವವನು ಗಡಿಯಾರ ನೋಡಿದ. ಭಾವ ಮೇಜಿನ ಅಡಿಯಲ್ಲಿ ನನ್ನ ಕಾಲು ಮೆಟ್ಟಿದರು. ಹೊರಗೆ ಬಂದ ಮೇಲೆ ಹೇಳಿದರು.

"ನೋಡು ರಘು, ಇಲ್ಲಿ ಅದೆಲ್ಲ ಮಾತಾಡ್ಲಿಕ್ಕಿಲ್ಲ. ಕೆಲಸ ಮಾಡುವುದು, ಊರಿಗೆ ಕಳಿಸುವುದು, ಅಷ್ಟೇ. ನನಗೆ ಇದುವೇ ಒಳ್ಳೆಯದು ಕಾಣ್ತದೆ ಮಾರಾಯ."

ಊರಿನಲ್ಲಿದ್ದಾಗ ಪ್ರತಿ ಚುನಾವಣೆಯಲ್ಲೂ ನೆಂಟರೊಡನೆ ಮಾತು ಬಿಡುವಷ್ಟು ಜಗಳವಾಡುತ್ತಿದ್ದ ಮನುಷ್ಯ ಇವರು. ಮತ ಹಾಕಲಿಕ್ಕಿಲ್ಲದ ಊರಿನಲ್ಲಿ ಈಗ ಮೈತುಂಬಿಕೊಂಡು, ರಕ್ತದೊತ್ತಡ ಇಳಿಸಿಕೊಂಡು ಸುಖವಾಗಿದ್ದರು. ನನಗೆ ಸಿಟ್ಟು ಬಂತು. ಪ್ರಜಾಪ್ರಭುತ್ವದ ಮೇಲೆ ನಾನು ಬರೆದ ಪುಟಗಳನ್ನೆಲ್ಲ ನೆನಪಿಸಿಕೊಂಡು ಆ ರಾತ್ರಿ ಊಟದ ಹೊತ್ತಿಗೆ ಅವರೊಡನೆ ವಾದ ಮಾಡಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತ ಎಲ್ಲ ಕೇಳಿದರು. ಕೊನೆಗೆ, "ಹಮೀದ್ ನಿಜ್ವಾದಲ್ಲಿ ಇದ್ದಾನೆ, ಗೊತ್ತುಂಟಾ? ನಮ್ಮ ಮೋನು ಬ್ಯಾರಿಯ ಮಗ. ಬಟ್ಟೆಯ ಅಂಗಡಿಯಲ್ಲಿ ಪಾಲು ಉಂಟು ಅವನಿಗೆ. ಒಮ್ಮೆ ಹೋಗಿ ಬಾ. ನಿನಗೆ ಬರೆಯಲಿಕ್ಕೆ ಎಂತಾದರೂ ಸಿಕ್ಕೀತು" ಎಂದರು.

ಮೋನು ಬ್ಯಾರಿಯ ಹೆಸರು ಕೇಳಿ ನನ್ನ ಸಿಟ್ಟೆಲ್ಲ ಇಳಿಯಿತು. ಅದು ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಬಂಟ್ವಾಳ ತಾಲೂಕು ಮುಗಿಯುವ ಕಡೆ ನಮ್ಮ ಹಳ್ಳಿ. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಬರುವುದು ಹೆಂಗಸರ ಕಡೆಯಿಂದ, ಆದರೆ ಯಜಮಾನಿಕೆ ಗಂಡಸಿನದು. ನನ್ನ ಅಜ್ಜಿಯ ತಮ್ಮ ಯಜಮಾನರಾಗಿದ್ದರು, ಅವರನ್ನು ನಾವು ದೊಡ್ಡಜ್ಜ ಎನ್ನುತ್ತಿದ್ದೆವು. ಮೋನು ಬ್ಯಾರಿ ನಮ್ಮ ಗೇಣಿ ಒಕ್ಕಲು. ಅವರ ಅಪ್ಪನ ಕಾಲದಿಂದ ತೋಡಿನ, ಎಂದರೆ ಹಳ್ಳದ, ಬದಿಯ ಗದ್ದೆಗಳನ್ನು ಉತ್ತು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ನಮ್ಮ ಅಂಗಳಕ್ಕೆ ಹೊತ್ತು ತಂದು ಹಾಕುತ್ತಿದ್ದವರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ಆ ಗದ್ದೆಗಳು ಅವರವಾದವು. ಆಗ ನಾನು ತೊಟ್ಟಿಲಲ್ಲಿದ್ದೆ.

ಹೈಸ್ಕೂಲಿನಲ್ಲಿ ನಾನು ಇನ್ನೊಂದು ಕಡೆ ಇದ್ದವನು. ಸಂಜೆ ಶಾಲೆಯ ಬಯಲಲ್ಲಿ ಸಾಲುಗಟ್ಟಿ ನಿಂತು ದೇಶದ ಬಗ್ಗೆ ಹಾಡುತ್ತಿದ್ದೆ, ಅದು ನನಗೆ ಬಹಳ ಹಿಡಿಸಿತ್ತು. ತೊಂಬತ್ತರ ಆರಂಭದ ಹಿಂದೂ ಮುಸ್ಲಿಂ ಗಲಾಟೆಯ ದಿನಗಳಲ್ಲಿ ಅಲ್ಲಿಯ ಹಿರಿಯನೊಬ್ಬ ಬಂದು ಪೇಟೆಯ ಯಾವ ಅಂಗಡಿ ಯಾರದೆಂದು ತೋರಿಸು ಎಂದ. ಬರುವುದಿಲ್ಲ ಎಂದೆ, ಮತ್ತೆ ಆ ಬಯಲಿಗೆ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಯಾವುದನ್ನೂ ನಂಬದೆ ಇರುವುದು ನನ್ನಿಂದ ಆಗಲಿಲ್ಲ. ಕೆಲವರಿಗೆ ಊಟವಾದ ಮೇಲೆ ಎಲೆಯಡಿಕೆ ಬೇಕೇಬೇಕಾಗುವಂತೆ ನನಗೆ ನಂಬುವುದಕ್ಕೆ ಏನಾದರೂ ಬೇಕು. ಮೂಡುಬಿದಿರೆಯಲ್ಲಿ ಬಿ.ಎ. ಓದುವಾಗ ಸಂಜೀವಣ್ಣ ಹಾಸ್ಟೆಲಿಗೆ ಬಂದು, "ನಿಮ್ಮ ಮನೆಯ ಕಥೆಯೇ ನಿನಗೆ ಗೊತ್ತಿಲ್ಲವಾ?" ಎಂದು ಕೇಳಿದರು. ಭೂನ್ಯಾಯ ಮಂಡಳಿಯ ಎದುರು ಮೋನು ಬ್ಯಾರಿ ಎದೆ ಸೆಟೆದು ನಿಂತು, ದೊಡ್ಡಜ್ಜನ ಕಡೆಗೆ ಬೆರಳು ತೋರಿಸಿ, "ಬೆವರು ನನ್ನದು, ಗದ್ದೆಯೂ ನನ್ನದು" ಎಂದರಂತೆ. ಧಣಿಗಳು ತಲೆ ತಗ್ಗಿಸಿದರಂತೆ. ಕೇಳಿ ನನ್ನ ಮೈ ನವಿರೆದ್ದಿತು.

ಆ ಕಥೆಯನ್ನು ನಾನು ವಿಟ್ಲದಿಂದ ಬೆಳ್ತಂಗಡಿಯವರೆಗೆ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಕಳೆದುಕೊಂಡ ಮನೆಯ ಹುಡುಗನೇ ಹೆಮ್ಮೆಯಿಂದ ಹೇಳುವಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮೋನು ಬ್ಯಾರಿಯನ್ನೇ ಒಮ್ಮೆ ಕೇಳಿದ್ದೆ. "ಹಳೆಯ ಸಂಗತಿ, ಬಿಡಿ" ಎಂದು ನಕ್ಕು ಎದ್ದು ಹೋಗಿದ್ದರು. ಶ್ರಮಜೀವಿಯ ವಿನಯ ಎಂದುಕೊಂಡು ಪ್ರಬಂಧದಲ್ಲಿ ಅದನ್ನೂ ಸೇರಿಸಿದ್ದೆ. ಈಗ ಮಗನ ಬಾಯಿಯಿಂದ ಕೇಳಿ ಬರೆದುಕೊಂಡರೆ ನನ್ನ ಮುಖ್ಯ ಅಧ್ಯಾಯಕ್ಕೆ ಬಲ ಬರುತ್ತದೆ ಎಂಬ ಖುಷಿಯಲ್ಲಿ ನಿಜ್ವಾಕ್ಕೆ ಹೊರಟೆ.

ನಿಜ್ವಾ

ನಿಜ್ವಾ ಒಳನಾಡಿನ ಹಳೆಯ ಊರು. ಮಣ್ಣಿನ ಬಣ್ಣದ ಕೋಟೆ, ಅದರ ಬುಡದಲ್ಲಿ ಸಂತೆ, ಸಂತೆಯ ಹಿಂದೆ ಖರ್ಜೂರದ ತೋಟಗಳು. ಗಂಡಸರು ಎದುರಾದರೆ ಮೂಗಿಗೆ ಮೂಗು ತಾಗಿಸಿ ಮಾತಾಡಿಸುತ್ತಾರೆ, ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕ್ಷೇಮ ಕೇಳುತ್ತಾರೆ, ಕೇಳುತ್ತಲೇ ಇರುತ್ತಾರೆ. ನಮ್ಮಲ್ಲಿ "ಊಟ ಆಯ್ತಾ" ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತೇವಲ್ಲ, ಅಲ್ಲಿ ಉತ್ತರಕ್ಕೆ ಕಾಯುತ್ತಾರೆ.

"ಬನ್ನಿ ಬನ್ನಿ, ಸಣ್ಣ ಧಣಿಗಳು ಬಂದರು" ಎಂದು ಹಮೀದ್ ಅಂಗಡಿಯ ಬಾಗಿಲಲ್ಲೇ ಕೈ ಮುಗಿದ. ನನಗೆ ಆ ಮಾತು ಆಗುವುದಿಲ್ಲವೆಂದು ಗೊತ್ತಿದ್ದೇ ಹೇಳುವುದು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು. ತೋಡಿನ ಗುಂಡಿಯಲ್ಲಿ ನನಗೆ ಈಜು ಕಲಿಸಿದವನು, ಕಲಿಸುವಾಗ ಎರಡು ಸಲ ಮುಳುಗಿಸಿದವನೂ ಅವನೇ. ಈಗ ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು.

ಸಂಜೆ ಅವನು ನನ್ನನ್ನು ಸಯೀದ್ ಎಂಬ ಮುದುಕರ ತೋಟಕ್ಕೆ ಕರೆದುಕೊಂಡು ಹೋದ. ಅಂಗಡಿಯ ಕಟ್ಟಡ ಅವರದ್ದು. ಚಾಪೆ ಹಾಸಿ, ಖರ್ಜೂರ ಇಟ್ಟು, ಕಿವಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕುಡಿದು ಮುಗಿಸಿದೆ. ಮತ್ತೆ ಹೊಯ್ದರು. ಮರ್ಯಾದೆಗೆಂದು ಅದನ್ನೂ ಮುಗಿಸಿದೆ, ಇನ್ನೊಮ್ಮೆ ಹೊಯ್ದರು. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಹೊಯ್ಯುವುದಕ್ಕೆ ನೋಡಿದರು. ಹಮೀದ್ ನಗು ತಡೆದುಕೊಂಡು ಕುಳಿತಿದ್ದ. ಹೊಟ್ಟೆಯಲ್ಲಿ ಉರಿ ಶುರುವಾದ ಮೇಲೆ, "ಬಟ್ಟಲನ್ನು ಸ್ವಲ್ಪ ಅಲ್ಲಾಡಿಸು ಮಾರಾಯ, ಸಾಕು ಅಂತ ಲೆಕ್ಕ" ಎಂದ. ಅಲ್ಲಾಡಿಸಿದೆ. ಮುದುಕರು ತಕ್ಷಣ ಹೂಜಿ ಕೆಳಗಿಟ್ಟರು.

ತೋಟದ ನಡುವೆ ಒಂದು ಸಣ್ಣ ಕಾಲುವೆ ಹರಿಯುತ್ತಿತ್ತು. ಎಲ್ಲೋ ಬೆಟ್ಟದ ಅಡಿಯಿಂದ ನೆಲದೊಳಗೆ ಸುರಂಗ ತೋಡಿ ತಂದ ನೀರು, ತಲೆಮಾರುಗಳಿಂದ ಊರವರೇ ನೋಡಿಕೊಂಡು ಬಂದದ್ದು. ಫಲಜ್ ಎನ್ನುತ್ತಾರೆ. ತೋಟದಿಂದ ತೋಟಕ್ಕೆ ಸರದಿಯ ಮೇಲೆ ನೀರು ತಿರುಗಿಸುತ್ತಾರೆ ಎಂದು ಹಮೀದ್ ವಿವರಿಸಿದಾಗ ನನಗೆ ರೋಮಾಂಚನವಾಯಿತು. ಧಣಿ ಇಲ್ಲ, ಸರಕಾರ ಇಲ್ಲ, ನೀರು ಎಲ್ಲರದು! ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಹರಿಯುತ್ತಿದೆ ಎಂದುಕೊಂಡು, ಹೌದಾ ಎಂದು ಹಮೀದನ ಮೂಲಕ ಮುದುಕರನ್ನು ಕೇಳಿಸಿದೆ. ಅವರು ಬಹಳ ಹೊತ್ತು ಹೇಳಿದರು. ಹಮೀದ್ ಚುಟುಕಾಗಿ ತಿಳಿಸಿದ.

"ನೀರಿನ ಸರದಿಯಲ್ಲಿ ಅಪ್ಪನ ಪಾಲು ಇವರಿಗೆ ಬಂದದ್ದಂತೆ. ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರಂತೆ. ಚಿಕ್ಕವ ಅವನ ಪಾಲನ್ನು ಅಂಗಡಿಯವನಿಗೆ ಮಾರಿದ್ದಾನಂತೆ. ಆ ತಮ್ಮನ ಜೊತೆ ಇವರಿಗೆ ಈಗ ಮಾತಿಲ್ಲ."

ನಮ್ಮೂರಿನಲ್ಲಿ ನೀರು ತಡೆಯಲಿಕ್ಕೆ ತೋಡಿಗೆ ಕಟ್ಟ ಕಟ್ಟುವ ಕಾಲದಲ್ಲಿ ಆಗುವ ಜಗಳಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಮುಖ ನೋಡಿ ಹಮೀದ್ ಗಟ್ಟಿಯಾಗಿ ನಕ್ಕ. ಆ ನಗುವಿನಲ್ಲೇ ನಾನು ವಿಷಯ ತೆಗೆದೆ. ನಿನ್ನ ಬಾಪ ಮಂಡಳಿಯ ಎದುರು ಧಣಿಗೆ ಬೆರಳು ತೋರಿಸಿ ಮಾತಾಡಿದ್ದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಈಗ ನಿನ್ನ ಬಾಯಿಯಿಂದ ಕೇಳಬೇಕು ಎಂದೆ.

ಅವನ ನಗು ನಿಂತಿತು.

"ನನ್ನ ಬಾಪ? ಬೆರಳು ತೋರಿಸುವುದಾ? ನಿನ್ನ ದೊಡ್ಡಜ್ಜನಿಗಾ?" ಎಂದ. "ಯಾರು ಹೇಳಿದ್ದು ನಿನಗೆ?"

ಮುದುಕರು ನಮಾಜಿಗೆ ಎದ್ದು ಹೋಗಿದ್ದರು. ಹಮೀದ್ ಕಾಲುವೆಗೆ ಕಾಲು ಇಳಿಬಿಟ್ಟು ಕುಳಿತ. ನಾನೂ ಕುಳಿತೆ. ನೀರು ಬೆಚ್ಚಗಿತ್ತು.

"ಕೇಳು. ನಾನು ಆಗ ಮೂರನೇ ಕ್ಲಾಸು. ಬಾಪನಿಗೆ ಗದ್ದೆ ತನಗೆ ಬೇಕು ಅಂತ ಡಿಕ್ಲರೇಶನ್ ಕೊಡಲಿಕ್ಕೆ ಮನಸ್ಸೇ ಇರಲಿಲ್ಲ. ರೈತರ ಸಂಘದವರು ಬಂದು ಹೇಳಿ ಹೇಳಿ ಕೊಡಿಸಿದ್ದು. ವಿಚಾರಣೆಯ ದಿನ ಬಂಟ್ವಾಳಕ್ಕೆ ಹೋದರು. ಅಲ್ಲಿ ನಿನ್ನ ದೊಡ್ಡಜ್ಜ ಬೆಂಚಿನ ಮೇಲೆ ಕೂತಿದ್ದಾರೆ. ಧಣಿಯನ್ನು ಕಂಡದ್ದೇ ಬಾಪ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬಗಲಲ್ಲಿ ಇಟ್ಟುಕೊಂಡರಂತೆ. ಆಫೀಸರು ಕೇಳಿದರು, ನೀವು ಈ ಗದ್ದೆಗೆ ಗೇಣಿ ಕೊಡುವ ಒಕ್ಕಲು ಹೌದಾ ಅಂತ. ಬಾಪ ಹೇಳಿದ್ದು ಎಂತ ಗೊತ್ತುಂಟಾ? ಅಲ್ಲ ಸ್ವಾಮಿ, ನಾನು ಆ ಮನೆಯ ಜನ. ಧಣಿಗಳು ಉಳಲಿಕ್ಕೆ ಹೇಳಿದ್ದಾರೆ, ಉಳ್ತೇನೆ. ಗೇಣಿ ಗೀಣಿ ಏನೂ ಇಲ್ಲ."

ನಾನು ಕಾಲನ್ನು ನೀರಿನಿಂದ ಮೇಲೆ ತೆಗೆದೆ.

"ಮತ್ತೆ ಗದ್ದೆ ನಿಮಗೆ ಹೇಗೆ ಬಂತು?"

"ನಿನ್ನ ಅಜ್ಜಿಯಿಂದ."

ಅಜ್ಜಿಯ ಹೆಸರಿನಲ್ಲೂ ಆಸ್ತಿ ಇದ್ದುದರಿಂದ ದೊಡ್ಡಜ್ಜನೇ ಅವಳನ್ನು ಕರೆದುಕೊಂಡು ಹೋಗಿದ್ದರಂತೆ. ಮೋನು ಬ್ಯಾರಿಯ ಉತ್ತರವನ್ನು ಬರೆದುಕೊಳ್ಳುವ ಹೊತ್ತಿಗೆ ಅವಳು ಹಿಂದಿನಿಂದ ಎದ್ದು ನಿಂತಳಂತೆ. ಕರೆಯದೆ, ಕೇಳದೆ.

"ಅವ ಸುಳ್ಳು ಹೇಳ್ತಾನೆ ಅಂದರಂತೆ," ಹಮೀದ್ ಹೇಳಿದ. "ಇವನ ಅಪ್ಪನೂ ಒಕ್ಕಲು, ಇವನೂ ಒಕ್ಕಲು. ಇವರ ಗೇಣಿ ಅಕ್ಕಿಯನ್ನು ನಾನೇ ಕಳಸೆಯಲ್ಲಿ ಅಳೆದು ಒಳಗೆ ಹಾಕಿದ್ದೇನೆ. ಅಳೆದ ಕಳಸೆ ಮನೆಯಲ್ಲಿ ಉಂಟು, ಬೇಕಾದರೆ ತರಿಸಿ ಅಂತ. ಬಾಪ ಅಮ್ಮಾ ಬೇಡಮ್ಮಾ ಅಂತ ಕೈ ಮುಗಿದರಂತೆ. ಅವರು ಬಾಪನಿಗೇ ಜೋರು ಮಾಡಿದರಂತೆ, ಬಾಯಿ ಮುಚ್ಚು ನೀನು ಅಂತ."

ಹೀಗೆ ಒಕ್ಕಲು ಧಣಿಗಾಗಿ ಸುಳ್ಳು ಹೇಳಿ, ಧಣಿಯ ಮನೆಯ ಹೆಂಗಸು ಒಕ್ಕಲಿಗಾಗಿ ನಿಜ ಹೇಳಿ, ಗದ್ದೆ ಕೈ ಬದಲಾಯಿತು. ನನ್ನ ಪ್ರಬಂಧದಲ್ಲಿ ಭೂಮಾಲೀಕರ ಪ್ರತಿರೋಧ ಎಂದೊಂದು ಅಧ್ಯಾಯವಿತ್ತು, ಒಕ್ಕಲುಗಳ ಜಾಗೃತಿ ಎಂದು ಇನ್ನೊಂದು. ಅಜ್ಜಿಯನ್ನು ಎರಡರಲ್ಲಿ ಯಾವುದರೊಳಗೂ ಕೂರಿಸಲಿಕ್ಕೆ ಆಗುತ್ತಿರಲಿಲ್ಲ.

ಆಗ ನನಗೆ ಮನೆಯ ಇನ್ನೊಂದು ಸಂಗತಿ ಅರ್ಥವಾಯಿತು. ನನಗೆ ತಿಳಿವಳಿಕೆ ಬಂದಂದಿನಿಂದ ಅಜ್ಜಿಗೂ ದೊಡ್ಡಜ್ಜನಿಗೂ ಮಾತಿರಲಿಲ್ಲ. ಒಂದೇ ಮನೆ, ಒಂದೇ ಒಲೆ. "ಅವರಿಗೆ ಊಟ ಆಯ್ತಾ ಕೇಳು" ಎಂದು ನಮ್ಮನ್ನು ನಡುವೆ ಓಡಿಸುತ್ತಿದ್ದರು. ಒಡವೆಯ ಜಗಳ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ದೊಡ್ಡಜ್ಜ ಕೊನೆಯವರೆಗೂ ಅವಳ ಹಾಸಿಗೆಯ ಹತ್ತಿರ ಬರಲಿಲ್ಲ. ಅವಳು ಅಷ್ಟು ವರ್ಷ ಹೊತ್ತುಕೊಂಡದ್ದು ಇದನ್ನು ಎಂದು ತಿಳಿದಾಗ ನನಗೆ ಆ ತೋಟದಲ್ಲಿ ಅಳು ಬಂತು. ಹಮೀದ್ ಬೇರೆ ಕಡೆ ನೋಡಿದ.

"ಯಾಕೆ ಹಾಗೆ ಮಾಡಿದಳು?" ಎಂದು ಕೇಳಿದೆ.

"ಅದನ್ನು ನಾನು ನಿನ್ನ ಹತ್ತಿರ ಕೇಳಬೇಕು ಅಂತ ಇದ್ದೆ. ನೀನಲ್ಲವಾ ಓದಿದವ?" ಅವನು ಒಂದು ಒಣಗಿದ ಗರಿಯನ್ನು ನೀರಿಗೆ ಬಿಟ್ಟ. "ನಮ್ಮ ಉಮ್ಮ ಹೇಳುವುದು, ತಮ್ಮ ತನ್ನನ್ನು ಕೇಳದೆ ಒಂದು ಗದ್ದೆ ಮಾರಿದ ಕೋಪ ನಿನ್ನ ಅಜ್ಜಿಗೆ ಇತ್ತು ಅಂತ. ಬಾಪ ಅದನ್ನು ಒಪ್ಪುವುದಿಲ್ಲ. ಅವರ ಎದುರು ಯಾರು ಸುಳ್ಳು ಹೇಳಿದರೂ ಆಗ್ತಿರಲಿಲ್ಲ, ಅದಕ್ಕೇ ಅಂತ ಹೇಳ್ತಾರೆ. ನನ್ನ ತಮ್ಮನ ಹತ್ತಿರ ಈ ಕಥೆ ಹೇಳ್ಲಿಕ್ಕೇ ಇಲ್ಲ. ಅವ ಈಗ ನಮ್ಮವರದ್ದೇ ಒಂದು ಸಂಘಟನೆಯಲ್ಲಿ ಇದ್ದಾನಲ್ಲ, ಯಾರದ್ದೋ ಭಿಕ್ಷೆಯ ಗದ್ದೆ ಅಂತ ಹೇಳ್ತೀರಾ ಅಂತ ಬಾಪನಿಗೇ ಬೈದ. ಅಂದಿನಿಂದ ಬಾಪ ಆ ವಿಷಯವೇ ತೆಗೆಯುವುದಿಲ್ಲ."

ಗರಿ ನೀರಿನಲ್ಲಿ ಹೋಗುವುದನ್ನು ನೋಡುತ್ತ ಮತ್ತೆ ಹೇಳಿದ, "ರಘು, ನೀನು ಮೈಕಿನಲ್ಲಿ ಬಾಪನನ್ನು ಹುಲಿ ಮಾಡಿದ್ದು ನಮಗೆ ಗೊತ್ತುಂಟು. ಪೇಟೆಯಲ್ಲಿ ಜನ ಬಂದು ಕೈ ಕುಲುಕಿದರೆ ಬಾಪ ಮನೆಗೆ ಬಂದು ಊಟ ಮಾಡುವುದಿಲ್ಲ."

ಮತ್ತೆ ರೂವಿ

ಶುಕ್ರವಾರ ಅಕ್ಕನ ಮನೆಯಲ್ಲಿ ಊರವರು ಸೇರುವುದು ವಾಡಿಕೆ. ಕೋರಿರೊಟ್ಟಿಯ ಘಮ, ಕ್ಯಾರಂ ಬೋರ್ಡಿನ ಸದ್ದು, ಮಾತು. ನಾನು ನಿಜ್ವಾದಿಂದ ಬಂದಲ್ಲಿಂದ ಮಂಕಾಗಿದ್ದೆ. ಅಕ್ಕ ಒತ್ತಾಯಿಸಿದ್ದಕ್ಕೆ ಎಲ್ಲರೆದುರೂ ಅಜ್ಜಿಯ ಸಂಗತಿ ಹೇಳಿದೆ. ಅಕ್ಕ ಅತ್ತಳು. ಭಾವ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು.

ಅಲ್ಲಿ ಶಿವರಾಮಣ್ಣ ಎಂಬವರಿದ್ದರು. ಸಾಗಾಣಿಕೆ ಕಂಪನಿಯೊಂದರಲ್ಲಿ ಮೇಲಿನ ಹುದ್ದೆ. ಹೈಸ್ಕೂಲಿನಲ್ಲಿ ನಾನು ಹೋಗುತ್ತಿದ್ದ ಬಯಲಿನವರಿಗೆ ಇಲ್ಲಿಂದ ನೆರವು ಕಳುಹಿಸುತ್ತಿದ್ದವರು ಎಂದು ಎಲ್ಲರಿಗೂ ಗೊತ್ತಿತ್ತು. ಅವರಿಗೆ ಕಥೆ ಬಹಳ ಹಿಡಿಸಿತು.

"ಇದು ನಮ್ಮ ಸಂಸ್ಕೃತಿ ನೋಡಿ! ಕೈಯಲ್ಲಿದ್ದದ್ದನ್ನು ಬಿಟ್ಟುಕೊಟ್ಟ ತಾಯಿ! ನೀವು ಊರಿಗೆ ಹೋದ ಮೇಲೆ ಇದನ್ನು ನಮ್ಮ ಕಾರ್ಯಕ್ರಮದಲ್ಲಿ ಹೇಳಬೇಕು. ನಾನು ಹೇಳ್ತೇನೆ ಅವರಿಗೆ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಆ ಬ್ಯಾರಿ ನಿಮ್ಮ ದೊಡ್ಡಜ್ಜನಿಗೋಸ್ಕರ ಗದ್ದೆ ಬೇಡ ಅಂದದ್ದು, ಅದೊಂದು ಬಿಟ್ಟುಬಿಡುವ. ಕೇಳುವವರಿಗೆ ಗೊಂದಲ ಆಗ್ತದೆ" ಎಂದರು.

ನಾನು ಕ್ಯಾರಂ ಬೋರ್ಡಿನ ಕಡೆ ಸರಿದೆ. ಇವರಿಂದ ಬೇರೆ ಏನನ್ನೂ ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಕಡೆ ಹೀಗಲ್ಲ, ಸಂಜೀವಣ್ಣನಿಗೆ ನಿಜ ತಿಳಿದರೆ ಕಥೆಯನ್ನು ತಿದ್ದಿಕೊಳ್ಳುತ್ತಾರೆ ಎಂಬ ಧೈರ್ಯ ನನಗಿತ್ತು. ಆ ಒಂದು ಧೈರ್ಯವನ್ನು ಹಿಡಿದುಕೊಂಡೇ ಉಳಿದ ದಿನಗಳನ್ನು ಕಳೆದೆ. ಸಮುದ್ರ ನೋಡಿದೆ, ಆಮೆಗಳು ಮೊಟ್ಟೆಯಿಡುವ ದಂಡೆ ನೋಡಿದೆ, ಬೆಳ್ಳಿಯ ಕಠಾರಿ ಮಾರುವವರ ಬೀದಿ ನೋಡಿದೆ. ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ.

ಬಿ.ಸಿ.ರೋಡು

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನ ಹೋಟೆಲೊಂದರಲ್ಲಿ ಸಂಜೀವಣ್ಣ ಸಿಕ್ಕಿದರು. ಖಾದಿ ಶರಟು, ಬಗಲಲ್ಲಿ ಅದೇ ಜೋಳಿಗೆ. ಮದುವೆಯಾಗದೆ, 'ನನ್ನದು' ಎಂದು ಒಂದು ಕೋಣೆಯನ್ನೂ ಮಾಡಿಕೊಳ್ಳದೆ ಬದುಕಿದ ಮನುಷ್ಯ. ಅವರ ಬಗ್ಗೆ ನನಗೆ ಇದ್ದ ಗೌರವ ಈಗಲೂ ಇದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬರುವ ಸೋಮವಾರ ಸಭೆಯಲ್ಲಿ ನನ್ನ ಹೆಸರು ಘೋಷಿಸುವುದೆಂದೂ ಮೋನು ಬ್ಯಾರಿಯ ಕಥೆಯಿಂದಲೇ ನಾನು ಮಾತು ಶುರುಮಾಡಬೇಕೆಂದೂ ಹೇಳಿದರು. ನಾನು ನಿಜ್ವಾದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವರು ಗೋಳಿಬಜೆಯ ತಟ್ಟೆಯನ್ನು ದೂರ ಸರಿಸಿದರು.

"ನನಗೆ ಗೊತ್ತುಂಟು" ಎಂದರು. "ಡಿಕ್ಲರೇಶನ್ ಕೊಡಿಸಿದ್ದೇ ನಾನು. ಆ ದಿನ ನಾನು ಅಲ್ಲಿಯೇ ಇದ್ದೆ."

ನಾನು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ.

"ಮತ್ತೆ ನನಗೆ ಹಾಗೆ ಯಾಕೆ ಹೇಳಿದಿರಿ?"

"ಮತ್ತೆ ಹೇಗೆ ಹೇಳಬೇಕಿತ್ತು ರಘು? ಆಗ ಒಕ್ಕಲುಗಳು ಹೆದರಿ ಹೆದರಿ ಡಿಕ್ಲರೇಶನ್ ವಾಪಸು ತೆಗೀತಿದ್ದರು. ಧಣಿಯ ಮುಖ ಕಂಡರೆ ಬಾಯಿ ಕಟ್ಟಿ ಹೋಗ್ತಿತ್ತು ಅವರಿಗೆ. ಮೋನು ಬ್ಯಾರಿ ನಿಂತ ಅಂತ ನಾನು ಹೇಳಿದ ಮೇಲೆ ಬೇರೆಯವರು ನಿಂತರು. ಅವರಿಗೆ ಗದ್ದೆ ಸಿಕ್ಕಿತು. ಅದು ಸುಳ್ಳಾ?"

ಅದು ಸುಳ್ಳಾಗಿರಲಿಲ್ಲ. ಅವರು ಕಥೆ ಕಟ್ಟದಿದ್ದರೆ ಎಷ್ಟು ಮನೆಯವರು ಇನ್ನೂ ಬೇರೆಯವರ ಅಂಗಳಕ್ಕೆ ಅಕ್ಕಿ ಹೊರುತ್ತಿದ್ದರೋ, ಅದನ್ನು ಯೋಚಿಸುವಷ್ಟು ಬುದ್ಧಿ ನನಗೂ ಇತ್ತು. ಆದರೂ ಕೇಳಿದೆ.

"ಈಗ ಹೆದರುವವರು ಯಾರೂ ಇಲ್ಲವಲ್ಲ. ಈಗ ನಿಜವನ್ನೇ ಹೇಳ್ತೇನೆ. ಅಜ್ಜಿ ಹೇಳಿದ್ದನ್ನೂ ಹೇಳ್ತೇನೆ, ಮೋನು ಬ್ಯಾರಿ ಹೇಳಿದ್ದನ್ನೂ ಹೇಳ್ತೇನೆ. ಆಗಬಹುದಾ?"

ಅವರು ಬಸ್ಸುಗಳ ಕಡೆ ತಿರುಗಿದರು. ಕಂಡಕ್ಟರುಗಳು ಬೆಳ್ತಂಗಡಿ, ಬೆಳ್ತಂಗಡಿ ಎಂದು ಕೂಗುತ್ತಿದ್ದರು.

"ಸಭೆಯಲ್ಲಿ ಆಗುವುದಿಲ್ಲ" ಎಂದರು. "ಧಣಿಯ ಮನೆಯ ಹೆಂಗಸು ಕೊಡಿಸಿದ್ದು ಅಂದರೆ ನಮ್ಮ ಹೋರಾಟಕ್ಕೆ ಎಂತ ಉಳೀತದೆ? ನೀನು ಹಳೆಯದ್ದನ್ನೇ ಹೇಳು."

ಮೂಡುಬಿದಿರೆಯ ಹಾಸ್ಟೆಲಿನಲ್ಲಿ ನನ್ನ ಮೈ ನವಿರೇಳಿಸಿದ ದನಿಯೇ ಅದು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಯಲಿನವರನ್ನು ಬಿಟ್ಟಾಗ ಸಿಟ್ಟಿತ್ತು, ಹೋಗಲಿಕ್ಕೆ ಇನ್ನೊಂದು ಜಾಗವೂ ಇತ್ತು. ಈಗ ಎರಡೂ ಇರಲಿಲ್ಲ. ನಾನು ಬರುವುದಿಲ್ಲ ಸಂಜೀವಣ್ಣ ಎಂದೆ. ಅವರು ವಾದಿಸಲಿಲ್ಲ. ಜೋಳಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಪಟ್ಟಿಯನ್ನು ನೇವರಿಸುತ್ತ ಕುಳಿತರು. ಹೊರಡಲೆಂದು ನಾನು ಎದ್ದಾಗ ಮಾತಾಡಿದರು.

"ಕೂತುಕೋ ಸ್ವಲ್ಪ. ಇದು ಯಾರಿಗೂ ಹೇಳಿದ್ದಲ್ಲ. ಆ ದಿನ ನಿನ್ನ ದೊಡ್ಡಜ್ಜ ಸಿಟ್ಟಿನಲ್ಲಿ ಕಾರು ತೆಗೆದುಕೊಂಡು ಒಬ್ಬರೇ ಹೊರಟು ಹೋದರು. ನಾವು ಹೊರಗೆ ಮೋನು ಬ್ಯಾರಿಗೆ ಹಾರ ಹಾಕಿ ಮೆರವಣಿಗೆ ಹೊರಡಿಸಿದ್ದೆವು. ಡೋಲು ಎಲ್ಲ ಇತ್ತು. ನಿನ್ನ ಅಜ್ಜಿ ಬಂದು ನನ್ನ ಪಕ್ಕ ನಿಂತರು. ಇನ್ನು ನಾನು ಆ ಮನೆಗೆ ಹೇಗೆ ಹೋಗುವುದು ಮಗಾ, ಅಂತ ಕೇಳಿದರು. ನನ್ನ ಹತ್ತಿರವೇ ಕೇಳಿದ್ದು."

"ನೀವು ಎಂತ ಹೇಳಿದಿರಿ?"

"ಎಂತ ಹೇಳುವುದು? ಮೆರವಣಿಗೆ ಮುಂದೆ ಹೋಗಿತ್ತು. ಘೋಷಣೆ ಹೇಳಿಕೊಡುವವ ನಾನೇ ಅಲ್ಲವಾ. ಅವರನ್ನು ಅಲ್ಲಿಯೇ ಬಿಟ್ಟು ಓಡಿದೆ. ತಿರುಗಿ ನೋಡ್ಲಿಲ್ಲ."

ಸೋಮವಾರದ ಸಭೆಗೆ ನಾನು ಹೋಗಲಿಲ್ಲ, ಆಮೇಲೆ ಯಾರ ಸಭೆಗೂ ಹೋಗಲಿಲ್ಲ. ಪ್ರಬಂಧವನ್ನು ಒಪ್ಪಿಸಲಿಲ್ಲ. ಈಗ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ, ಭೂಸುಧಾರಣೆಯ ಪಾಠ ಬಂದಾಗ ಪುಸ್ತಕದಲ್ಲಿ ಇದ್ದಷ್ಟನ್ನೇ ಹೇಳುತ್ತೇನೆ. ಆ ದಿನ ಅಜ್ಜಿ ಬಂಟ್ವಾಳದಿಂದ ನಮ್ಮ ಹಳ್ಳಿಗೆ ಬಸ್ಸಿನಲ್ಲಿ ಬಂದಳೋ, ನಡೆದೇ ಬಂದಳೋ, ಅಂಗಳದಲ್ಲಿ ಎಷ್ಟು ಹೊತ್ತು ನಿಂತಳೋ, ಬಾಗಿಲು ಯಾರು ತೆರೆದರೋ, ಹೇಳುವವರು ಈಗ ಯಾರೂ ಉಳಿದಿಲ್ಲ.